ಸಾರುವೆ ಏರಿದವರು: ಆದವಾನಿ ಸೀಮೆಯ ಕಟ್ಟಡ ಕೂಲಿಗಳ ಚರಿತ್ರೆಯಿಂದ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಹಳೆಯ ಬಳ್ಳಾರಿ ಜಿಲ್ಲೆ ಒಡೆದುಹೋಯಿತು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಭಾಗ ಮೈಸೂರಿಗೆ ಸೇರಿತು. ಮೂರರಲ್ಲಿ ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಯ ಪಾಲಾದವು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು ಎಂಬುದು ಈ ವಾರ್ಷಿಕದ ಓದುಗರಿಗೆ ಬಾಯಿಪಾಠ. ಹಾಗೆ ನೋಡಿದರೆ ಆದವಾನಿಯ ಕನ್ನಡಿಗರು ಗಡಿನಾಡಿಗರಾಗಿ ನಮಗಿಂತ ಮೂರು ವರ್ಷ ಹಿರಿಯರು. ಆದರೂ ನಾವು ಅವರನ್ನು ಹೆಚ್ಚು ಬಲ್ಲೆವೆಂದು ಹೇಳುವಂತಿಲ್ಲ. ಮಂತ್ರಾಲಯಕ್ಕೆ ಹೋಗುವಾಗ ರೈಲಿನ ಕಿಟಕಿಯಿಂದ ಆದವಾನಿಯ ಬೋಳುಗುಡ್ಡಗಳನ್ನು ಕಂಡಿರುತ್ತೇವೆ, ಅಷ್ಟೆ.

ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ನಾನು ಕೆಲವು ವರ್ಷ ಆ ಸೀಮೆಯಲ್ಲಿದ್ದೆ. ಗುಮಾಸ್ತನಿಗೆ ಊರಿನ ಚರಿತ್ರೆ ಮೊದಲು ಸಿಗುವುದು ಕೌಂಟರಿನ ಕಿಂಡಿಯಲ್ಲಿ. ಯಾವ ತಿಂಗಳಲ್ಲಿ ಹಣ ಬೆಂಗಳೂರಿನಿಂದ ಬರುತ್ತದೆ, ಯಾವ ತಿಂಗಳಲ್ಲಿ ಗುಂಟೂರಿನಿಂದ, ಯಾರ ಖಾತೆಗೆ ಹಣ ಬರುವುದು ಒಮ್ಮೆಗೇ ನಿಂತುಹೋಯಿತು ಎಂಬುದು ಅಲ್ಲಿ ಕುಳಿತವನಿಗೆ ತಾನಾಗಿಯೇ ತಿಳಿಯುತ್ತದೆ. ಆದವಾನಿಯ ಕೋಟೆಯನ್ನೂ ಹದಿನೇಳನೆಯ ಶತಮಾನದಲ್ಲಿ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿಯನ್ನೂ ಕುರಿತು ಬರೆದವರಿದ್ದಾರೆ, ಹತ್ತಿಯ ವ್ಯಾಪಾರವನ್ನು ಕುರಿತು ಬರೆದವರೂ ಇದ್ದಾರೆ. ಆ ಗೋಡೆಗಳಿಗೆ ಸಾರುವೆ ಕಟ್ಟಿ ಏರಿದವರ, ಅವರ ಮಕ್ಕಳು ಇಂದು ಬೇರೆ ಊರುಗಳಲ್ಲಿ ಏರುತ್ತಿರುವ ಸಾರುವೆಗಳ ಸಂಗತಿಯನ್ನು ಒಂದೆಡೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕಾಗಿ ಈ ಬರಹ.

ಮೊದಲು ಪದಗಳ ವಿಚಾರ. ಕಟ್ಟಡದ ಹೊರಮೈಗೆ ಕಂಬ ನಿಲ್ಲಿಸಿ, ಅಡ್ಡಮರ ಬಿಗಿದು, ಹಲಗೆ ಹಾಸಿ ಮಾಡುವ ತಾತ್ಕಾಲಿಕ ಅಟ್ಟಣೆಗೆ ಕನ್ನಡದಲ್ಲಿ ಸಾರುವೆ ಎನ್ನುತ್ತೇವೆ, ಬಾಯಿಮಾತಿನಲ್ಲಿ ಅದು ಸಾರ್ವೆ. ಆಂಧ್ರದಲ್ಲಿ ಪರಂಜಿ ಎಂಬ ಮಾತು ಬಳಕೆಯಲ್ಲಿದೆ. ಆದವಾನಿಯ ಕನ್ನಡಿಗ ಕೆಲಸಗಾರ ಎರಡನ್ನೂ ಆಡುತ್ತಾನೆ. ಕಂಬಕ್ಕೆ ಬಳಸುವ ಮರವನ್ನು ಬಯಲುಸೀಮೆಯಲ್ಲಿ ಸರ್ವೆ ಮರವೆಂದರೆ, ನಮ್ಮ ಕರಾವಳಿಯಲ್ಲಿ ಅದೇ ಗಾಳಿ ಮರ, ಮಲಯಾಳದಲ್ಲಿ ಕಾಟ್ಟಾಡಿ. ನಮ್ಮಲ್ಲಿ ಬಿದಿರೂ ಅಡಕೆ ಮರವೂ ಸಾರುವೆಗೆ ಬರುತ್ತಿದ್ದವು, ಕತ್ತದ ಹಗ್ಗ ಹೇಗೂ ಮನೆಯ ವಸ್ತು. ಕೆಲಸಗಾರನ ಹೆಸರೂ ಊರೂರಿಗೆ ಬೇರೆ. ನಮ್ಮ ಕಡೆ ಮೇಸ್ತ್ರಿ, ಮೈಸೂರು ಕಡೆ ಗಾರೆ ಕೆಲಸದವ, ಉತ್ತರ ಕರ್ನಾಟಕದಲ್ಲಿ ಗೌಂಡಿ, ರಾಯಲಸೀಮೆಯಲ್ಲಿ ಬೇಲ್ದಾರ. ಕರಣೆ, ತೂಕದ ಗುಂಡು, ರಸಮಟ್ಟ ಇವು ಮಾತ್ರ ಎಲ್ಲರ ಕೈಯಲ್ಲೂ ಒಂದೇ.

ಆದವಾನಿ, ಕೋಸಿಗಿ, ಕೌತಾಳ, ಹೊಳಗುಂದಿ ಕಡೆಯ ಹಳೆಯ ಮನೆ ಎಂದರೆ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತಿಗಳು, ಅದರ ಮೇಲೆ ಮಣ್ಣಿನ ಮಾಳಿಗೆ. ವರ್ಷಕ್ಕೆ ಅರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಅದು ಸಾಕು. ಮೂರು ಸಾವಿರ ಮಿಲಿಮೀಟರ್ ಮೀರುವ ನಮ್ಮ ಮಳೆಗೆ ಆ ಮಾಳಿಗೆ ಒಂದು ವಾರವೂ ನಿಲ್ಲಲಾರದು. ಇಂಥ ಮನೆ ಕಟ್ಟಲು ಆಳೆತ್ತರದ ಅಟ್ಟಣೆಗಿಂತ ಹೆಚ್ಚಿನದು ಬೇಕಾಗುತ್ತಿರಲಿಲ್ಲ. ಎತ್ತರದ ಸಾರುವೆ ಬೇಕಾದದ್ದು ಗುಡಿ, ಮಸೀದಿ, ಕೋಟೆಗಳಿಗೆ, ಆಮೇಲೆ ಬಂದ ಹತ್ತಿಯ ಕಾರ್ಖಾನೆಗಳಿಗೆ. ಹಳೆಯ ಇಟ್ಟಿಗೆ ಗೋಡೆಗಳಲ್ಲಿ ಸಾಲಾಗಿ ಒಂದೇ ಅಳತೆಯ ತೂತುಗಳು ಕೆಲವೊಮ್ಮೆ ಕಾಣುತ್ತವೆ. ಮಕ್ಕಳು ಅವನ್ನು ಗಿಳಿಗಾಗಿ ಬಿಟ್ಟ ಗೂಡು ಎಂದುಕೊಳ್ಳುತ್ತಾರೆ. ಅವು ಸಾರುವೆಯ ಅಡ್ಡಮರದ ಒಂದು ತುದಿಯನ್ನು ಗೋಡೆಯೊಳಗೆ ಊರಲು ಬಿಟ್ಟ ತೂತುಗಳು. ಗೋಡೆ ಏರಿದಂತೆ ಸಾರುವೆಯೂ ಏರುತ್ತಿತ್ತು, ಗೋಡೆಯೇ ಸಾರುವೆಗೆ ಅರ್ಧ ಆಧಾರ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಲದಲ್ಲಿ ಸಾರುವೆ ಕಟ್ಟಿಸುವವನೂ ಅದರ ಮೇಲೆ ನಿಂತು ಕಲ್ಲಿಡುವವನೂ ಒಬ್ಬನೇ ಆಗಿರುತ್ತಿದ್ದ. ಗಂಟು ಸಡಿಲಾದರೆ ಮೊದಲು ಬೀಳುವವನು ತಾನೇ ಎಂದು ಮೇಸ್ತ್ರಿಗೆ ಗೊತ್ತು. ಇದರಿಂದ ಯಾರೂ ಬೀಳುತ್ತಿರಲಿಲ್ಲವೆಂದು ಹೇಳಲಾರೆ. ಬಿದ್ದವರ ಲೆಕ್ಕವನ್ನು ಯಾವ ಶಾಸನದಲ್ಲೂ ಕೆತ್ತಿಲ್ಲ. ಆದರೆ ತಿಳಿವಳಿಕೆಯೂ ಅಧಿಕಾರವೂ ಒಂದೇ ತಲೆಯಲ್ಲಿ ಇದ್ದವು ಎಂಬ ಮಾತನ್ನು ಓದುಗರು ನೆನಪಿಟ್ಟಿರಬೇಕು. ಮುಂದಿನ ಚರಿತ್ರೆಯೆಲ್ಲ ಇವೆರಡೂ ಬೇರೆಬೇರೆಯಾದ ಚರಿತ್ರೆ.

ಕೂಲಿಯವನು ಊರು ಬಿಟ್ಟು ದೊಡ್ಡ ಕಾಮಗಾರಿಗೆ ಹೋಗುವ ರೂಢಿ ಈ ಸೀಮೆಗೆ ಹೊಸತಲ್ಲ. 1876ರಿಂದ 1878ರವರೆಗಿನ ದೊಡ್ಡ ಬರ ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಹಿಂಡಿಹಾಕಿತು. ಸರ್ಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಪಡಿಸಿದ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ. ಒಂದು ಪೌಂಡು ಎಂದರೆ ಇಂದಿನ ಲೆಕ್ಕದಲ್ಲಿ ಅರ್ಧ ಕಿಲೋಗಿಂತ ಕಡಮೆ. ಅಷ್ಟು ತಿಂದು ಮಣ್ಣು ಹೊತ್ತು ಕಲ್ಲು ಒಡೆಯಬೇಕು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ವಿರೋಧಿಸಿದ. ಹಸಿದ ಮೈಗೆ ದುಡಿಮೆ ಕೊಡುವಾಗ ಆ ಮೈ ಎಷ್ಟು ತಾಳುತ್ತದೆ ಎಂಬ ಪ್ರಶ್ನೆ ಸರ್ಕಾರದ ಕಾಗದಗಳಲ್ಲಿ ಹೀಗೆ ಎದ್ದಿತು. ಕೆಲಸದ ಜಾಗ ಕ್ಷೇಮವೇ ಎಂಬ ಪ್ರಶ್ನೆ ಏಳಲು ಇನ್ನೂ ಬಹಳ ಕಾಲ ಬೇಕಾಯಿತು.

ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. 1945ರ ಫೆಬ್ರವರಿ 28ರಂದು ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟಿಗೆ ಅಸ್ತಿಭಾರ ಹಾಕಿದರು. ಹೊಳೆಯ ಎಡದಂಡೆ ಹೈದರಾಬಾದಿನದು, ಬಲದಂಡೆ ಮದರಾಸಿನದು. ಹೀಗಾಗಿ ಕಲ್ಲಿಡುವ ಶಾಸ್ತ್ರವೂ ಎರಡು ದಂಡೆಯಲ್ಲಿ ಎರಡು ಸಲ ನಡೆಯಿತು. ಮದರಾಸಿನ ಕಡೆಯ ಕೆಲಸದ ಹೊಣೆ ಎಂಜಿನಿಯರ್ ತಿರುಮಲೆ ಅಯ್ಯಂಗಾರರದು. ಸುಮಾರು 2,440 ಮೀಟರ್ ಉದ್ದ, 49 ಮೀಟರ್ ಎತ್ತರದ ಆ ಗೋಡೆ ಕಲ್ಲಿನದು. ಕಲ್ಲುಗಳನ್ನು ಕೂಡಿಸಿದ್ದು ಸುರ್ಕಿ ಗಾರೆಯಿಂದ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣದ ಮಿಶ್ರಣದಿಂದ. ಮಲಯಾಳ ಓದುಗರಿಗೆ ಚಿರಪರಿಚಿತವಾದ 1895ರ ಮುಲ್ಲಪೆರಿಯಾರ್ ಅಣೆಕಟ್ಟಿನಲ್ಲೂ ಇದೇ ಸುಣ್ಣ ಸುರ್ಕಿಯ ಗಾರೆ ಇದೆ. ಸಿಮೆಂಟಿನ ಗಾರೆ ಬೇಗ ಗಟ್ಟಿಯಾಗುತ್ತದೆ, ಸುರ್ಕಿಯದು ನಿಧಾನ. ಅವಸರ ಮಾಡುವ ಗುತ್ತಿಗೆದಾರನಿಗೆ ಅದು ಒಗ್ಗುವುದಿಲ್ಲ.

ಕಲ್ಲು ಒಡೆಯುವುದು, ಹೊರುವುದು, ಇಡುವುದು ಬಹುಮಟ್ಟಿಗೆ ಮನುಷ್ಯರ ಹೆಗಲ ಮೇಲೆಯೇ ನಡೆದ ಕೆಲಸ. ಕಲ್ಲು ಮಣ್ಣಿನ ಕೆಲಸವನ್ನೇ ಕುಲಕಸುಬಾಗಿ ಉಳ್ಳ ವಡ್ಡರು, ಉಪ್ಪಾರರು ಆ ಬಯಲಿನಲ್ಲಿ ಎಲ್ಲೆಲ್ಲೂ ಇದ್ದವರು. 1953ರಲ್ಲಿ ನೀರು ನಿಂತಿತು, ಕಾಲುವೆಗೂ ಹರಿಯಿತು. ಆ ವರ್ಷವೇ ಗಡಿಯೂ ಬಿತ್ತೆಂಬುದು ನೋಡಿ. ಬಳ್ಳಾರಿಯ ಕಡೆಯಿಂದ ಹೊರಟ ತಗ್ಗಿನ ಕಾಲುವೆ ಹೊಳಗುಂದಿ, ಆದವಾನಿ, ಎಮ್ಮಿಗನೂರುಗಳ ಕಡೆಗೆ ಹೋಗುತ್ತದೆ. ಅದು ಅಗೆಯತೊಡಗಿದಾಗ ಒಂದೇ ಜಿಲ್ಲೆಯ ಕಾಲುವೆ, ನೀರು ಬರುವಾಗ ಎರಡು ರಾಜ್ಯಗಳ ಕಾಲುವೆ. ನೀರು ಹಂಚಲು ತುಂಗಭದ್ರಾ ಮಂಡಳಿ ಬಂತು. ಕಟ್ಟಿದವರ ಹೆಸರುಗಳನ್ನು ಬರೆದಿಡಲು ಯಾವ ಮಂಡಳಿಯೂ ಬರಲಿಲ್ಲ.

ಕಾಲುವೆ ಬಂದರೂ ಅದರ ನೀರು ಎಲ್ಲ ಊರಿಗೂ ಮುಟ್ಟಲಿಲ್ಲ. ಮುಟ್ಟಿದ ಕಡೆಯೂ ಕೊನೆಯ ಹೊಲಗಳು ಒಣಗಿಯೇ ಉಳಿದವು. ಆದ್ದರಿಂದ ಕರ್ನೂಲು ಜಿಲ್ಲೆಯ ಪಶ್ಚಿಮದ ಊರುಗಳಿಂದ ಜನ ಇಂದಿಗೂ ಹೊರಗೆ ಹೋಗುತ್ತಾರೆ. ಹೋಗುವವರು ಸಾಮಾನ್ಯವಾಗಿ ಎರಡು ಬಗೆ. ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಸಂಸಾರ ಸಮೇತ ಹೋಗುವವರು ಒಂದು ಬಗೆ. ಇದನ್ನು ಅಲ್ಲಿಯ ತೆಲುಗು ಪತ್ರಿಕೆಗಳೂ 'ಸುಗ್ಗಿ'ಗೆ ಹೋಗುವುದು ಎಂದೇ ಬರೆಯುತ್ತವೆ. ಸ್ವಂತ ಹೊಲದ ಪೈರು ಮನೆಗೆ ಬರುವ ಸಂಭ್ರಮಕ್ಕೆ ನಾವು ಇಟ್ಟ ಹೆಸರು ಅಲ್ಲಿ ಪರರ ಹೊಲದ ಕೂಲಿಗೆ ಗುಳೆ ಹೋಗುವುದರ ಹೆಸರಾಗಿದೆ. ಎರಡನೆಯ ಬಗೆ ಬೆಂಗಳೂರು, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗುವವರು. ರಾಯಚೂರು, ಯಾದಗಿರಿ, ಕಲಬುರಗಿಯವರೊಡನೆ ಆದವಾನಿ, ಕೋಸಿಗಿಯವರೂ ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಕನ್ನಡ ಬರುತ್ತದಾದ್ದರಿಂದ ಬೆಂಗಳೂರು ಅವರಿಗೆ ಪರವೂರು ಅನ್ನಿಸುವುದಿಲ್ಲ. ಕಾಗದಗಳ ಪ್ರಕಾರ ಮಾತ್ರ ಅವರು ಹೊರರಾಜ್ಯದವರು.

ಊರಲ್ಲಿ ಒಂದಾಳೆತ್ತರದ ಅಟ್ಟಣೆ ಕಂಡವನು ಬೆಂಗಳೂರಿನಲ್ಲಿ ಹತ್ತನೆಯ ಅಂತಸ್ತಿನ ಸಾರುವೆ ಏರುತ್ತಾನೆ. ನಡುವೆ ತರಬೇತಿ ಎಂಬುದು ಇರುವುದಿಲ್ಲ. ಮೊದಲ ವಾರ ಬಾಂಡಲಿ ಹೊರುತ್ತಾನೆ, ಆಮೇಲೆ ಯಾರೋ 'ಮೇಲೆ ಹೋಗಪ್ಪಾ' ಎನ್ನುತ್ತಾರೆ. ಕೆಲಸ ಕಲಿಸುವವನು ಪಕ್ಕದಲ್ಲಿ ನಿಂತ ಇನ್ನೊಬ್ಬ ಕೂಲಿ, ಅವನಿಗೆ ಕಲಿಸಿದವನು ಮತ್ತೊಬ್ಬ. ಇದು ಪೂರ್ತಿ ಕೆಟ್ಟ ಪದ್ಧತಿಯೆಂದು ನಾನು ಹೇಳುವುದಿಲ್ಲ. ನಮ್ಮ ನಾಡಿನ ಎಲ್ಲ ಕಸುಬೂ ಹಾಗೆಯೇ ಬಂದವು. ಆದರೆ ಸರ್ವೆ ಮರ ಹೋಗಿ ಕಬ್ಬಿಣದ ಪೈಪು, ಜಾಕಿ, ಕ್ಲಾಂಪುಗಳು ಬಂದಾಗ ಹಳೆಯ ಕಲಿಕೆ ಅರ್ಧ ನಿರುಪಯೋಗವಾಯಿತು. ಮರ ಮುರಿಯುವ ಮೊದಲು ಸದ್ದು ಮಾಡುತ್ತದೆ, ಬಾಗುತ್ತದೆ. ಕಬ್ಬಿಣದ ಕಂಬ ತಕ್ಕ ಬಿಗಿತವಿಲ್ಲದಿದ್ದರೆ ಒಮ್ಮೆಗೇ ಓಲಿ ಮಡಚಿಕೊಳ್ಳುತ್ತದೆ. ಪೈಪು ಎಷ್ಟು ಹೊತ್ತೀತು, ಎಷ್ಟು ಎತ್ತರಕ್ಕೊಮ್ಮೆ ಗೋಡೆಗೆ ಕಟ್ಟಬೇಕು, ಕಾಲಡಿಯ ಮಣ್ಣು ಹಸಿಯಾಗಿದ್ದರೆ ಏನು ಮಾಡಬೇಕು, ಇವೆಲ್ಲ ಕಣ್ಣಂದಾಜಿಗೆ ನಿಲುಕುವ ವಿಷಯಗಳಲ್ಲ. ಇವಕ್ಕೆ ಭಾರತೀಯ ಮಾನಕಗಳು 1960ರ ದಶಕದಲ್ಲಿಯೇ ಬಂದಿದ್ದವು. ಸಾರುವೆ ಮತ್ತು ಏಣಿಗಳ ಕ್ಷೇಮದ ಮಾನಕದ ಸಂಖ್ಯೆ 3696. ಅದರ ಮೊದಲ ಭಾಗ ಸಾರುವೆಯದು, ಅದನ್ನು 1987ರಲ್ಲಿ ಪರಿಷ್ಕರಿಸಿದರು. ಇಂಗ್ಲಿಷಿನಲ್ಲಿರುವ ಆ ಪುಸ್ತಕ ಸಾರುವೆ ಕಟ್ಟುವವನ ಕೈಗೆ ಬರುವುದಿಲ್ಲ, ಕೈಗೆ ಬಂದವರು ಸಾರುವೆ ಕಟ್ಟುವುದಿಲ್ಲ.

1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ ಕಟ್ಟುತ್ತಿದ್ದ ಏಳಂತಸ್ತಿನ ಗಂಗಾರಾಂ ಕಟ್ಟಡ ಕುಸಿಯಿತು. ಸತ್ತವರು 123 ಮಂದಿ. ನನ್ನ ವಯಸ್ಸಿನವರಿಗೆ ಅದು ಮನೆಯ ಹಿರಿಯರ ಬಾಯಿಂದ ಕೇಳಿದ ಸುದ್ದಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ಹೋದರು. 2023ರ ಜನವರಿ 10ರಂದು ಬೆಂಗಳೂರಿನಲ್ಲಿ ಮೆಟ್ರೋ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಪಂಜರ ರಸ್ತೆಗೆ ಉರುಳಿ ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗು ತೀರಿಕೊಂಡರು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಇನ್ನೊಂದು ಕಟ್ಟಡ ಕುಸಿಯಿತು. ಇವು ಪತ್ರಿಕೆಯ ಮುಖಪುಟಕ್ಕೆ ಬಂದವು. ಸಾರುವೆಯಿಂದ ಒಬ್ಬನೇ ಜಾರಿ ಬಿದ್ದರೆ ಅದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು, ಅದೂ ಬಂದರೆ.

ಕಾನೂನು ಇರಲಿಲ್ಲವೇ? ಇತ್ತು, ಆದರೆ ಅದು ಬಿದ್ದ ಮೇಲಿನ ಕಾನೂನು. 1923ರ ಕಾರ್ಮಿಕರ ಪರಿಹಾರ ಕಾಯಿದೆ ಕಟ್ಟಡ ಕೆಲಸವನ್ನೂ ಒಳಗೊಂಡಿತ್ತು. ಕಟ್ಟಡ ಒಂದಕ್ಕಿಂತ ಹೆಚ್ಚು ಅಂತಸ್ತಿನದಾಗಿರಬೇಕು, ಇಲ್ಲವೇ ಇಂತಿಷ್ಟು ಅಡಿ ಎತ್ತರವಿರಬೇಕು ಎಂಬ ಕಟ್ಟಳೆ ಬೇರೆ. ಬೀಳದಂತೆ ನೋಡಿಕೊಳ್ಳುವ ಕಾನೂನಿಗಾಗಿ ದೇಶ ಮತ್ತೆ ಎಪ್ಪತ್ತಮೂರು ವರ್ಷ ಕಾಯಿತು. ಕಾರ್ಖಾನೆಯವನಿಗೆ 1948ರ ಕಾಯಿದೆ ಸಿಕ್ಕಿತು, ಗಣಿಯವನಿಗೆ 1952ರದು. ಕಾರ್ಖಾನೆಯನ್ನು ಕಟ್ಟಿದವನಿಗೆ ಏನೂ ಇರಲಿಲ್ಲ.

ಈ ಕಾಯುವಿಕೆಯನ್ನು ಮುಗಿಸಿದವರಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. 1985ರಲ್ಲಿ ಕಟ್ಟಡ ಕಾರ್ಮಿಕರ ಕೇಂದ್ರ ಕಾನೂನಿಗಾಗಿ ರಾಷ್ಟ್ರೀಯ ಆಂದೋಲನ ಸಮಿತಿ ಹುಟ್ಟಿದಾಗ ಅದರ ಅಧ್ಯಕ್ಷರಾದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1957ರ ಇ. ಎಂ. ಎಸ್. ಮಂತ್ರಿಮಂಡಲದಲ್ಲಿ ಮಂತ್ರಿಯಾಗಿದ್ದವರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದವರು. ತಮಿಳುನಾಡು 1982ರಲ್ಲಿಯೂ ಕೇರಳ 1989ರಲ್ಲಿಯೂ ತಮ್ಮ ತಮ್ಮ ಕ್ಷೇಮನಿಧಿ ಕಾನೂನುಗಳನ್ನು ಮಾಡಿಕೊಂಡವು. ಕೇಂದ್ರದ ಕಾನೂನು ಬಂದದ್ದು 1996ರಲ್ಲಿ, ಅದರ ನಿಯಮಗಳು 1998ರಲ್ಲಿ. ಹತ್ತು ಅಥವಾ ಹೆಚ್ಚು ಆಳುಗಳಿರುವ ಕಾಮಗಾರಿಗೆ ಅದು ಅನ್ವಯ. ಜೊತೆಗೆ ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದು ಸುಂಕ ತೆಗೆದು ಕಾರ್ಮಿಕರ ಮಂಡಳಿಗೆ ಕೊಡಬೇಕು. ಹದಿನೆಂಟರಿಂದ ಅರವತ್ತು ವಯಸ್ಸಿನ, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದವನು ಮಂಡಳಿಯಲ್ಲಿ ಹೆಸರು ಬರೆಸಬಹುದು. ಕರ್ನಾಟಕದಲ್ಲೂ ಆಂಧ್ರದಲ್ಲೂ ಮಂಡಳಿಗಳು ಬರುವಾಗ 2007 ಆಗಿತ್ತು. ಸುಂಕ ಕೂಡಿಬಿದ್ದರೂ ಹಣ ಕಾರ್ಮಿಕನಿಗೆ ಮುಟ್ಟುತ್ತಿಲ್ಲವೆಂದು ಅದೇ ಸಮಿತಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2018ರ ಮಾರ್ಚ್ 19ರಂದು ಸರ್ಕಾರಗಳನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಈಗ ಆ 1996ರ ಕಾಯಿದೆಯೂ ಇಲ್ಲ. 2020ರಲ್ಲಿ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದು ಕರಗಿಹೋಗಿದೆ. ಸುರಕ್ಷಾ ಅಧಿಕಾರಿ ಇರಬೇಕಾದ ಕಾಮಗಾರಿಯ ಮಿತಿಯನ್ನು 500 ಆಳುಗಳಿಂದ 250ಕ್ಕೆ ಇಳಿಸಿದ್ದು ಒಳ್ಳೆಯದು. ಸ್ವಂತ ವಾಸದ ಮನೆಗೆ ಇದ್ದ ವಿನಾಯಿತಿಯನ್ನು ಹತ್ತು ಲಕ್ಷದಿಂದ ಐವತ್ತು ಲಕ್ಷಕ್ಕೆ ಏರಿಸಿದ್ದು ನನಗೆ ಒಳ್ಳೆಯದೆಂದು ತೋರುವುದಿಲ್ಲ. ಆದವಾನಿಯಲ್ಲಾಗಲಿ ಬದಿಯಡ್ಕದಲ್ಲಾಗಲಿ ಸಾಮಾನ್ಯರ ಮನೆಗಳು ಕಾನೂನಿನ ಕಣ್ಣಿಗೆ ಬೀಳದಂತೆ ಇದು ಮಾಡುತ್ತದೆ.

ಲೆಕ್ಕದವನಾದ್ದರಿಂದ ಒಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಪರಿಹಾರದ ಕಾಯಿದೆಯಲ್ಲಿ ಸತ್ತವನ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರ ಜನವರಿಯಲ್ಲಿ 15,000 ರೂಪಾಯಿ ಆಯಿತು. ಮೂವತ್ತು ವರ್ಷದವನಿಗೆ ಅಂಕಿ 207.98. ಅರ್ಧ ಕೂಲಿ 7,500ನ್ನು ಇದರಿಂದ ಗುಣಿಸಿದರೆ 15,59,850 ರೂಪಾಯಿ. ಇದು ದಯೆಯಿಂದ ಕೊಡುವ ಹಣವಲ್ಲ, ಹಕ್ಕು. ನಾನಿದ್ದ ಶಾಖೆಗೆ ಒಮ್ಮೆ ಒಬ್ಬ ಹೆಣ್ಣುಮಗಳು ಅತ್ತೆಯೊಡನೆ ಬಂದಳು. ಗಂಡ ಬೇರೆ ರಾಜ್ಯದ ನಗರವೊಂದರಲ್ಲಿ ಸಾರುವೆಯಿಂದ ಬಿದ್ದು ಹೋಗಿದ್ದ. ಆಕೆಯ ಕೈಯಲ್ಲಿದ್ದ ಚೆಕ್ಕು ಈ ಮೊತ್ತದ ಹತ್ತನೆಯ ಒಂದು ಪಾಲೂ ಇರಲಿಲ್ಲ. ಜೊತೆಗಿದ್ದ ಕಾಗದದಲ್ಲಿ ಮುಂದೆ ಯಾವ ತಕರಾರೂ ಇಲ್ಲವೆಂದು ಬರೆದು ಹೆಬ್ಬೆಟ್ಟು ಹಾಕಿಸಿದ್ದರು. 'ಮೇಸ್ತ್ರಿಯಣ್ಣ ಒಳ್ಳೇವನು ಸಾರ್, ಹೆಣ ಊರಿಗೆ ಕಳಿಸೋ ಖರ್ಚು ಅವನೇ ಹಾಕ್ದ' ಎಂದು ಅತ್ತೆ ಹೇಳಿದಳು. ಮೇಸ್ತ್ರಿ ಒಳ್ಳೆಯವನೇ ಇರಬಹುದು. ಕಾನೂನಿನಲ್ಲಿ ಕೊಡಬೇಕಾದವನು ಅವನಲ್ಲ, ಅವನ ಮೇಲಿನವನು.

ಮೇಸ್ತ್ರಿಯ ಮಾತಿಗೇ ಬರೋಣ. 1998ರ ನಿಯಮಗಳಲ್ಲಿ ಸಾರುವೆಗೆಂದೇ ಒಂದು ಅಧ್ಯಾಯವಿತ್ತು. ಹೊಣೆಗಾರ ವ್ಯಕ್ತಿಯೊಬ್ಬನ ಮೇಲ್ವಿಚಾರಣೆಯಿಲ್ಲದೆ ಸಾರುವೆ ಕಟ್ಟಬಾರದು, ಬದಲಿಸಬಾರದು, ಬಿಚ್ಚಬಾರದು. ಅಂಚಿಗೆ ಕಟಕಟೆ ಬೇಕು, ಇಟ್ಟಿಗೆ ಉರುಳದಂತೆ ಕಾಲಹಲಗೆ ಬೇಕು. ಅಮೆರಿಕದ ನಿಯಮಗಳು ಇಂಥ ವ್ಯಕ್ತಿಗೆ ಕೊಡುವ ವಿವರಣೆ ಇನ್ನೂ ಸ್ಪಷ್ಟ: ಅಪಾಯವನ್ನು ಗುರುತಿಸಬಲ್ಲ ತಿಳಿವಳಿಕೆ ಇರಬೇಕು, ಅದನ್ನು ಆ ಕ್ಷಣವೇ ಸರಿಪಡಿಸುವ ಅಧಿಕಾರವೂ ಇರಬೇಕು. ಈ ಎರಡನೆಯ ಅರ್ಧ ನಮ್ಮಲ್ಲಿ ಕಾಣೆಯಾಗಿದೆ. ಪೈಪು ಬಾಡಿಗೆಗೆ ಕೊಡುವವನು ಒಬ್ಬ, ಅದನ್ನು ನಿಲ್ಲಿಸುವವನು ಇನ್ನೊಬ್ಬ, ಅದರ ಮೇಲೆ ನಿಲ್ಲುವವನು ಮಗದೊಬ್ಬ. ಗುತ್ತಿಗೆದಾರನ ಕೆಳಗೆ ಉಪಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ. ಹಲಗೆ ಸರಿಯಿಲ್ಲವೆಂದು ಆದವಾನಿಯ ಮೇಸ್ತ್ರಿಗೆ ಗೊತ್ತಿರುತ್ತದೆ. ಕೆಲಸ ನಿಲ್ಲಿಸಿದರೆ ಮುಂದಿನ ಕಾಮಗಾರಿಗೆ ತನ್ನನ್ನು ಕರೆಯುವುದಿಲ್ಲ ಎಂಬುದೂ ಗೊತ್ತಿರುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದು ತಿಳಿಯಬೇಕಾಗಿಲ್ಲ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲೆಂಡಿನಲ್ಲಿ ವಿದ್ಯುತ್ ಸ್ಥಾವರದ ತಂಪುಗೋಪುರವೊಂದನ್ನು ಕಟ್ಟುತ್ತಿದ್ದರು. ಸಾರುವೆಯನ್ನು ನೆಲದಿಂದ ಕಟ್ಟಿರಲಿಲ್ಲ, ಹಿಂದಿನ ದಿನ ಹಾಕಿದ ಕಾಂಕ್ರೀಟಿಗೇ ಬಿಗಿದಿದ್ದರು. ಕಾಂಕ್ರೀಟು ಇನ್ನೂ ಬಲಿತಿರಲಿಲ್ಲ. ಅದು ಕಿತ್ತುಬಂತು, ಸುತ್ತಲಿನ ಸಾರುವೆಯನ್ನೆಲ್ಲ ಹಾರದಂತೆ ಎಳೆದುಕೊಂಡು ಬಿತ್ತು. 51 ಜನ ಸತ್ತರು. ಕಾಂಕ್ರೀಟಿನ ಬಲವನ್ನು ಪರೀಕ್ಷಿಸಿ, ಇವತ್ತು ಬೇಡ ಎನ್ನುವವನೊಬ್ಬ ಇದ್ದಿದ್ದರೆ ಅವರು ಅಂದು ಮೇಲೇರುತ್ತಿರಲಿಲ್ಲ. 2025ರ ನವೆಂಬರ್ 26ರಂದು ಹಾಂಗ್‌ಕಾಂಗಿನ ತೈಪೊದಲ್ಲಿ ದುರಸ್ತಿಗೆಂದು ಬಿದಿರಿನ ಸಾರುವೆ ಕಟ್ಟಿದ್ದ ವಸತಿ ಗೋಪುರಗಳಿಗೆ ಬೆಂಕಿ ಬಿದ್ದು ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಎಲ್ಲರೂ ಮೊದಲು ಬಿದಿರನ್ನು ದೂರಿದರು. ತನಿಖೆಯಲ್ಲಿ ಬೊಟ್ಟುಮಾಡಿದ್ದು ಹೊದಿಸಿದ್ದ ಪರದೆ ಬಲೆಯನ್ನೂ ಕಿಟಕಿಗಳಿಗೆ ಮುಚ್ಚಿದ್ದ ಫೋಮ್ ಹಲಗೆಗಳನ್ನೂ. ತರಬೇತಾದ ಸಾರುವೆಗಾರರಿಗೆ ಹೆಸರಾದ ಊರು ಅದು. ಕಸುಬು ಗೊತ್ತಿದ್ದರೆ ಸಾಲದು, ಅಗ್ಗದ ಸಾಮಾನನ್ನು ಬೇಡವೆನ್ನುವ ಅಧಿಕಾರವೂ ಯಾರಿಗಾದರೂ ಇರಬೇಕು.

ಅಂಥ ಒಬ್ಬರನ್ನು ಆದವಾನಿಯವರು ಇತ್ತೀಚೆಗೆ ಕಂಡರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಹಾಗೇ ಬರಿದಾಗುವ ಭಯ. ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಎಪ್ಪತ್ತು ದಾಟಿದ ಮನುಷ್ಯ. ಹರಿಯುತ್ತಿರುವ ನೀರಿನಲ್ಲೇ ತಡೆ ಹಲಗೆಗಳನ್ನು ಒಂದರ ಮೇಲೊಂದು ಇಳಿಸಬೇಕು, ಕ್ರೇನಿನ ಕೆಳಗೆ ಆಳುಗಳು ನಿಲ್ಲಬೇಕು. ಆಗಸ್ಟ್ 16ರಂದು ಮೊದಲ ಹಲಗೆ ಕುಳಿತಿತು, ಮರುದಿನ ಉಳಿದವು. ಅಲ್ಲಿದ್ದ ಮಂತ್ರಿಗಳು, ಅಧಿಕಾರಿಗಳು ಆ ದಿನಗಳಲ್ಲಿ ಅವರ ಮಾತಿಗೆ ಕಾದರು. ಯಾವಾಗ ಇಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಬಲ್ಲವನೇ ಹೇಳಿದ. ಅಣೆಕಟ್ಟಿಗೆ ಅದು ಸಿಕ್ಕಿತು, ಏಕೆಂದರೆ ಅದರ ಹಿಂದೆ ಲಕ್ಷಾಂತರ ಎಕರೆಗಳ ಬೆಳೆ ಇತ್ತು.

ನಮ್ಮೂರ ಮಾತನ್ನೂ ಆಡಬೇಕು. 2022ರ ಅಕ್ಟೋಬರ್ 29ರ ನಸುಕಿನಲ್ಲಿ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ರಾಷ್ಟ್ರೀಯ ಹೆದ್ದಾರಿಯ ಕೆಳಸೇತುವೆಗೆ ಕಾಂಕ್ರೀಟು ಹಾಕುತ್ತಿದ್ದಾಗ ಕೆಳಗಿನ ಆಧಾರ ಸಮೇತ ಅದು ಕುಸಿದುಬಿತ್ತು. ಯಾರ ಜೀವವೂ ಹೋಗಲಿಲ್ಲ. ಹಾಗಾಗಿ ನಾವು ಬೇಗ ಮರೆತೆವು. ಹೆದ್ದಾರಿಯ ಕೆಲಸಗಾರರು ಬಹುಪಾಲು ಬಂಗಾಳ, ಒಡಿಶಾ, ಬಿಹಾರದವರು. ಅವರಿಗೆ ಮಲಯಾಳವೂ ಬಾರದು, ಕನ್ನಡವೂ ಬಾರದು. ಸುರಕ್ಷೆಯ ಬರಹಗಳು ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ಹಳೆಯ ನಿಯಮ ಹೇಳುತ್ತಿತ್ತು. 'ಹೆಚ್ಚಿನವರಿಗೆ' ಎಂಬ ಈ ಮಾತಿನ ತೂಕ ನಮಗೆ ಚೆನ್ನಾಗಿ ಗೊತ್ತು. ಅರುವತ್ತೊಂಬತ್ತು ವರ್ಷಗಳಿಂದ ಕಚೇರಿಯ ಫಲಕ, ಅರ್ಜಿ ನಮೂನೆ, ಶಾಲೆಯ ಪ್ರಶ್ನೆಪತ್ರಿಕೆಗಳಿಗಾಗಿ ನಾವು ಜಗಳ ಮಾಡಿಕೊಂಡು ಬಂದಿರುವುದು ಇದರ ಬಗೆಗೇ. ಅರ್ಜಿ ತಿಳಿಯದಿದ್ದರೆ ಇನ್ನೊಬ್ಬರಿಂದ ಬರೆಸಿಕೊಳ್ಳಬಹುದು. ಕ್ಲಾಂಪು ಬಿಚ್ಚಿದೆ, ಕಾಲಿಡಬೇಡ ಎಂದು ಮೇಲಿನಿಂದ ಕೂಗಿದ್ದು ತಿಳಿಯದಿದ್ದರೆ ಬರೆಸಿಕೊಳ್ಳಲು ಸಮಯವಿರುವುದಿಲ್ಲ. ಆದವಾನಿಯವನು ಬೆಂಗಳೂರಿನಲ್ಲಿ ಈ ಒಂದು ವಿಷಯದಲ್ಲಿ ಮಾತ್ರ ಅದೃಷ್ಟವಂತ. ಹೈದರಾಬಾದಿನಲ್ಲೂ ಅವನ ತೆಲುಗು ಸಾಕಾಗುತ್ತದೆ. ಗಡಿನಾಡಿನವನ ಎರಡು ನಾಲಗೆ ಅಲ್ಲಿ ಅವನ ಜೀವ ಕಾಯುವ ಹಗ್ಗ. ಬೆಂಗಳೂರಿನ ಗುಂಪುಗಳಲ್ಲಿ ಆದವಾನಿ ಕಡೆಯವನನ್ನು ಮೇಸ್ತ್ರಿ ಮಾಡುವುದಕ್ಕೆ ಇದೂ ಒಂದು ಕಾರಣವೆಂದು ಅಲ್ಲಿಯವರೇ ನನಗೆ ಹೇಳಿದ್ದಾರೆ.

ಆ ಮೇಸ್ತ್ರಿಗಳ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಹಾಜರಿ ಪುಸ್ತಕ ಇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದವನದು ಕನ್ನಡದಲ್ಲಿ, ಇಲ್ಲದಿದ್ದರೆ ತೆಲುಗಿನಲ್ಲಿ. ಹೆಸರು, ಬಂದ ದಿನಗಳು, ಮುಂಗಡ ಕೊಟ್ಟದ್ದು, ಊಟಕ್ಕೆ ಕಳೆದದ್ದು. ತೊಂಬತ್ತು ದಿನ ಕೆಲಸ ಮಾಡಿದ್ದಕ್ಕೆ, ಯಾರ ಕೈಕೆಳಗೆ ಮಾಡಿದ್ದಕ್ಕೆ ಎಷ್ಟೋ ಮನೆಗಳಲ್ಲಿ ಅದರ ಹೊರತು ಬೇರೆ ಬರಹವೇ ಇಲ್ಲ. ಕಾಮಗಾರಿ ಮುಗಿದು ಲೆಕ್ಕ ಚುಕ್ತಾ ಆದೊಡನೆ ಅದನ್ನು ಎಸೆದುಬಿಡುತ್ತಾರೆ. ಪರಿಹಾರದ ಅರ್ಜಿಗೆ ಕಾಯಿದೆ ಕೊಟ್ಟ ಗಡುವು ಎರಡು ವರ್ಷ. ಮನೆಯಿಂದ ಯಾರಾದರೂ ಕಟ್ಟಡ ಕೆಲಸಕ್ಕೆ ಹೋಗಿದ್ದರೆ ಆ ಪುಸ್ತಕದ ಹಾಳೆಗಳ ಒಂದು ಪ್ರತಿಯನ್ನು ತರಿಸಿ, ಪಾಸ್ ಪುಸ್ತಕದ ಜೊತೆಗೆ ಇಟ್ಟುಕೊಳ್ಳಿ ಎಂದು ನಾನು ಕೌಂಟರಿಗೆ ಬಂದ ಹೆಂಗಸರಿಗೆ ಹೇಳುತ್ತಿದ್ದೆ. ಕೆಲವರು ತಂದು ತೋರಿಸಿದರು. ಒಂದರಲ್ಲಿ ಒಬ್ಬನ ಹೆಸರಿನ ಮುಂದೆ ಹದಿನೇಳು ದಿನಗಳ ಗೀಟು ಇತ್ತು, ಹದಿನೆಂಟನೆಯ ಮನೆಯಲ್ಲಿ 'ಸಾರ್ವೆ' ಎಂದಷ್ಟೇ ಬರೆದು ಕೆಳಗೆ ಗೆರೆ ಎಳೆದಿತ್ತು.